ಹನ್ನೊಂದನೇ ಗೂಡಿನ ಮೇಜರ್

ಮಾರ್ಚ್ 3, ಸೋಮವಾರ

ಹತ್ತು ನಾಯಿಗೂಡು ತೊಳೆದು ಹನ್ನೊಂದನೆಯದಕ್ಕೆ ಪೈಪ್ ಎಳೆಯುತ್ತಿದ್ದೆ, ಗೇಟಿನ ಬೆಲ್. ಹನ್ನೊಂದು ಖಾಲಿ, ಇವತ್ತು ಬಿಟ್ಟುಬಿಡೋಣ ಅಂತಿತ್ತು. ಬಿಡದಿದ್ದದ್ದೇ ಒಳ್ಳೆಯದಾಯಿತು. ಅರ್ಧ ಗಂಟೆಯಲ್ಲಿ ಅದಕ್ಕೆ ಗಿರಾಕಿ ಬಂದ.

ಕಾರಿನಲ್ಲಿ ಗಂಡ ಹೆಂಡತಿ. ನಾಯಿ ಹಿಡಿದು ಗಂಡ ಮಾತ್ರ ಒಳಗೆ ಬಂದರು. ಹೆಂಡತಿ ಕಾರಿನಲ್ಲೇ ಕೂತರು — ಕಪ್ಪು ಕನ್ನಡಕ ತೆಗೆಯಲಿಲ್ಲ, ಕಿಟಕಿ ಇಳಿಸಲಿಲ್ಲ. ನಾಯಿ ದೊಡ್ಡದು. ಕಂದು ಬಣ್ಣ, ಮೂತಿ ಬೆಳ್ಳಗಾಗಿದೆ. ಹಿಂದಿನ ಬಲಗಾಲು ಸ್ವಲ್ಪ ಎಳೆಯುತ್ತದೆ. ಶೆಲ್ಟರ್ ನಡೆಸುವ ಮೇಡಂ ಮೀಟಿಂಗಿನಲ್ಲಿದ್ದರು, ಹಾಗಾಗಿ ಒಪ್ಪಿಸುವ ಫಾರಂ ನಾನೇ ತುಂಬಿಸಿದೆ.

ಹೆಸರು? "ಮೇಜರ್." ವಯಸ್ಸು? "ಏಳು... ಎಂಟು ಅನ್ಕೊಳ್ಳಿ." ಕಚ್ಚುವ ಅಭ್ಯಾಸ? "ಛೇ ಛೇ." ಬಿಡುವ ಕಾರಣ?

"ಮನೆ ಬದಲಾಯಿಸ್ತಿದ್ದೀವಿ. ಹೊಸ ಮನೆ ಓನರು ನಾಯಿ ಬೇಡ ಅಂದ್ರು."

"ನಾಯಿ ಬೇಡ ಅನ್ನದ ಓನರು ಸಿಗ್ಲಿಲ್ವಾ?"

ಕೇಳಬಾರದಿತ್ತು. ಆ ಪ್ರಶ್ನೆ ಫಾರಂನಲ್ಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. "ತುಂಬಾ ಒಳ್ಳೇ ನಾಯಿ ಅಮ್ಮಾ" ಅಂತ ಸಹಿ ಹಾಕಿದರು.

ನಿಜ, ಒಳ್ಳೆಯವನೇ. ಬೊಗಳಲಿಲ್ಲ, ಎಳೆದಾಡಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಮರೆಯಾದ ಮೇಲೂ ಅತ್ತಲೇ ನೋಡುತ್ತಿದ್ದ.

ಮಾರ್ಚ್ 5, ಬುಧವಾರ

ಮೇಜರ್ ಸಾಹೇಬರ ಉಪವಾಸ, ಮೂರನೇ ದಿನ. ಬಟ್ಟಲು ಹೇಗೆ ಇಟ್ಟೆನೋ ಹಾಗೇ ಇದೆ. ಇರುವೆಗಳಿಗೆ ಹಬ್ಬ.

ಇಲ್ಲಿಯ ನಿಯಮ ಒಂದೇ — ಬಟ್ಟಲಿಡು, ಬಾಗಿಲು ಹಾಕು, ಹೊರಡು. ಕೈತುತ್ತು ಕೊಡಕೂಡದು. ನಾನು ಕೆಲಸಕ್ಕೆ ಸೇರಿದ ದಿನವೇ ಮೇಡಂ ಹೇಳಿದ್ದರು. "ಕೈಯಿಂದ ತಿಂದ ನಾಯಿ ಆ ಕೈಗೇ ಅಂಟ್ಕೊಂಡ್ಬಿಡುತ್ತೆ ಸಿಸ್ಟರ್. ಆಮೇಲೆ ಬೇರೆಯವರ ಮನೇಲಿ ಹೇಗೆ ನಿಲ್ಲುತ್ತೆ? ಇದು ಬಸ್ ಸ್ಟಾಪು. ಮನೆ ಅಲ್ಲ."

ಸಿಸ್ಟರ್ ಅಂದರೆ ನಾನು. ಆಸ್ಪತ್ರೆಯಿಂದ ರಿಟೈರ್ ಆಗಿ ನಾಲ್ಕು ವರ್ಷ. ಹೆಸರು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ಮಾರ್ಚ್ 6, ಗುರುವಾರ

ಡಾಕ್ಟರು ನೋಡಿದರು. ರಕ್ತ ಸರಿ, ಹೊಟ್ಟೆ ಸರಿ. ಸೊಂಟದ ಕೀಲು ಸವೆದಿದೆ. "ಮೆಟ್ಟಿಲು ಹತ್ತಿಸಿ ಇಳಿಸಿ ಮಾಡಿದ್ರೆ ವರ್ಷದೊಳಗೆ ಕಾಲು ಹೋಗುತ್ತೆ" ಅಂದರು. ನಾಳೆಯೂ ತಿನ್ನದಿದ್ದರೆ ಡ್ರಿಪ್.

ಮೂವತ್ತೊಂದು ವರ್ಷ ವಾರ್ಡಿನಲ್ಲಿದ್ದವಳು. ಊಟ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದ ಎಷ್ಟು ಜನರಿಗೆ ತಿನ್ನಿಸಿಲ್ಲ. ಎಲ್ಲರೂ ಮಧ್ಯಾಹ್ನದ ಊಟಕ್ಕೆ ಹೋದ ಮೇಲೆ ಹನ್ನೊಂದನೇ ಗೂಡಿನೊಳಗೆ ಹೋಗಿ ನೆಲದ ಮೇಲೆ ಕೂತೆ. ಅವನ ಮುಖ ನೋಡಲಿಲ್ಲ. ನೋಡಿದರೆ ಬಿಗುಮಾನ ಜಾಸ್ತಿ, ಮನುಷ್ಯರದೂ ಅಷ್ಟೇ. ಬೇಯಿಸಿದ ಕೋಳಿ, ಅನ್ನ, ಸಣ್ಣ ಸಣ್ಣ ಉಂಡೆ. ಅಂಗೈ ಚಾಚಿಟ್ಟುಕೊಂಡು ಒಡೆದ ಬಕೆಟ್ಟಿನ ಬಗ್ಗೆ, ನೀರಿನ ಮೋಟರಿನ ಬಗ್ಗೆ ನನ್ನ ಪಾಡಿಗೆ ಮಾತಾಡಿದೆ. ಇಪ್ಪತ್ತು ನಿಮಿಷ. ಕಾಲು ಜೋಮು ಹಿಡಿಯಿತು. ಆಮೇಲೆ ಅಂಗೈಗೆ ನಾಲಿಗೆ ತಾಗಿತು.

ಐದು ಉಂಡೆ. ಮೇಡಂಗೆ ಹೇಳಲಿಲ್ಲ. ರಿಜಿಸ್ಟರಿನಲ್ಲಿ "ತಿಂದಿದೆ" ಅಂತ ಬರೆದೆ. ಸುಳ್ಳೇನಲ್ಲವಲ್ಲ.

ಮಾರ್ಚ್ 7, ಶುಕ್ರವಾರ

ತಿಂದ. ಬಟ್ಟಲಿನಿಂದಲ್ಲ.

ಮಾರ್ಚ್ 16, ಭಾನುವಾರ

ಭಾನುವಾರ ಜನ ನಾಯಿ ನೋಡಲು ಬರುವ ದಿನ. ಹೆಣ್ಣು ನೋಡುವ ಶಾಸ್ತ್ರಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ನಿಲ್ಲಿಸಿ ನೋಡು, ನಡೆಸಿ ನೋಡು, ಹಲ್ಲು ನೋಡು, "ಆಮೇಲೆ ತಿಳಿಸ್ತೀವಿ" ಅಂತ ಹೋಗು.

ಬೆಳಿಗ್ಗೆಯಿಂದ ಒಂಬತ್ತು ಮನೆಯವರು. ಆರನೇ ಗೂಡಿನ ಮರಿಗಳೆರಡೂ ಹೋದವು. ಮೇಜರ್ ಯಾರಿಗೂ ಎದ್ದು ನಿಲ್ಲಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ಮಲಗಿದ್ದ. "ಇದಕ್ಕೆ ಕಾಯಿಲೆನಾ?" ಅಂತ ಒಬ್ಬಾಕೆ ಕೇಳಿದರು. ಅಷ್ಟು ಹೊತ್ತಿಗೆ ನಾನು ಬಕೆಟ್ಟು ಹಿಡಿದು ಆ ಕಡೆ ಹೋದೆ. ಎದ್ದ, ಬಾಲ ಬಡಿದ, ಜಾಲರಿಗೆ ಮೂತಿ ಒತ್ತಿದ.

ಮೇಡಂ ನನ್ನನ್ನು ನೋಡಿದರು. ಜಾಲರಿಗೆ ಒತ್ತಿದ ಮೂತಿಯನ್ನೂ ನೋಡಿದರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ವಾಕರ್ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದಳು. "ಕೂತ್ರೆ ಮೇಜರ್, ನಿಂತ್ರೆ ಮೇಜರ್. ನಾವೇನು ಮಿಲಿಟರಿಗೆ ಸೇರಿದ್ದೀವೇನೆ?"

ಮಾರ್ಚ್ 23, ಭಾನುವಾರ

ಹೋದ! ಇಬ್ಬರೂ ಟೀಚರ್‌ಗಳು, ಗಂಡ ಹೆಂಡತಿ. ಮಕ್ಕಳು ದೊಡ್ಡವರಾಗಿ ಬೇರೆ ಇದ್ದಾರೆ. "ದಿನವಿಡೀ ಕ್ಲಾಸಲ್ಲಿ ಗಲಾಟೆ ಕೇಳಿ ಸಾಕಾಗಿದೆ, ನಮಗೆ ಸುಮ್ನಿರೋ ನಾಯೇ ಬೇಕು" ಅಂದರು. ಸುಮ್ಮನಿರುವುದರಲ್ಲಿ ಇವನಿಗೆ ಫಸ್ಟ್ ಕ್ಲಾಸ್.

ಹತ್ತು ದಿನ ಪ್ರಯೋಗ. ಹೊಂದಿಕೊಂಡರೆ ಕಾಗದ ಪಕ್ಕಾ, ಇಲ್ಲದಿದ್ದರೆ ವಾಪಸ್. ನಾಯಿಯ ಜೊತೆ ಅದರ ಗೂಡಿನ ಹಾಸುಬಟ್ಟೆ ಕಳಿಸುವುದು ಇಲ್ಲಿಯ ಪದ್ಧತಿ — ಪರಿಚಯದ ವಾಸನೆ ಜೊತೆಗಿದ್ದರೆ ಹೊಸ ಮನೆಯಲ್ಲಿ ಹೆದರುವುದಿಲ್ಲ. ಇವನ ಹಾಸುಬಟ್ಟೆ ಬೆಳಿಗ್ಗೆ ಒಗೆದದ್ದು, ಇನ್ನೂ ತೊಟ್ಟಿಕ್ಕುತ್ತಿತ್ತು. ನನ್ನ ಹಳೇ ಸ್ವೆಟರ್ ತೆಗೆದು ಚೀಲಕ್ಕೆ ತುರುಕಿದೆ. ಮೊಣಕೈ ಹರಿದದ್ದು, ಹೋದರೆ ಹೋಗಲಿ.

ನಮ್ಮ ಶೆಲ್ಟರಿನ ವ್ಯಾನು ಹತ್ತುವಾಗ ತಿರುಗಿ ನೋಡಿದ. ಡ್ರೈವರ್ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿದ. ನನಗೆ ಖುಷಿಯಾಯಿತು. ನಿಜವಾಗಿಯೂ.

ಮಾರ್ಚ್ 26, ಬುಧವಾರ

ಟೀಚರಮ್ಮನ ಫೋನ್. ತಿನ್ನುತ್ತಿಲ್ಲವಂತೆ. ಸಮಯ ಕೊಡಿ ಅಂದೆ.

ಮಾರ್ಚ್ 29, ಶನಿವಾರ

ವಾಪಸ್.

ಟೀಚರಮ್ಮನ ಕಣ್ಣು ಕೆಂಪಾಗಿತ್ತು. ಆರು ದಿನ ಬಾಗಿಲ ಹತ್ತಿರ ಸ್ವೆಟರ್ ಹಾಸಿಕೊಂಡು ಅದರ ಮೇಲೇ ಮಲಗಿದ್ದನಂತೆ. ನೀರು ಬಿಟ್ಟರೆ ಬೇರೇನಿಲ್ಲ. ಒಗೆಯೋಣವೆಂದು ಟೀಚರು ಎಳೆದರೆ ಗುರ್ ಅಂದನಂತೆ. "ಅವನು ನಮ್ಮನ್ನ ದ್ವೇಷಿಸ್ತಿಲ್ಲ. ನಮ್ಮನ್ನ ನೋಡ್ತಾನೇ ಇಲ್ಲ" ಅಂದರು.

ಚೀಲದಿಂದ ಸ್ವೆಟರ್ ತೆಗೆದು ಮೇಜಿನ ಮೇಲಿಟ್ಟರು. ಮೇಡಂಗೆ ಅದು ಯಾರದ್ದೆಂದು ಗೊತ್ತು. ಎರಡು ಚಳಿಗಾಲ ನೋಡಿದ್ದಾರೆ.

ಟೀಚರಮ್ಮ ಹೋದ ಮೇಲೆ ಮೇಡಂ ಬಾಗಿಲು ಹಾಕಿದರು. "ಕೈತುತ್ತು ಕೊಟ್ಟಿದ್ದೀರಿ ಅಂತ ನನಗೆ ಮೊದಲೇ ಗೊತ್ತಿತ್ತು. ಸಾಯೋದಕ್ಕಿಂತ ವಾಸಿ ಅಂತ ಸುಮ್ನಿದ್ದೆ. ಆದ್ರೆ ಇದೇನು ಸಿಸ್ಟರ್? ನಾಯಿ ಜೊತೆ ನಿಮ್ಮನ್ನೂ ಕಳಿಸಿದ್ರಲ್ಲ! ಸಿಸ್ಟರ್ ಬಟ್ಟೆ ಇಲ್ಲಿದೆ ಅಂದ್ಮೇಲೆ ಸಿಸ್ಟರೂ ಬರ್ತಾರೆ ಅಂತ ಕಾದಿದ್ದಾನೆ."

ಸ್ವೆಟರ್ ಎತ್ತಿಕೊಂಡೆ. ಮಾಡಿದ್ದುಣ್ಣೋ ಮಹರಾಯ. ಆದರೆ ಇಲ್ಲಿ ಮಾಡಿದ್ದು ನಾನು, ಉಣ್ಣುವುದು ಅವನು.

ವಾಪಸ್ ಬಂದದ್ದಕ್ಕೆ ಅವನ ಕಾರ್ಡಿನ ಮೇಲೆ ಕೆಂಪು ಗೆರೆ ಬಿತ್ತು. ಎರಡನೇ ಗೆರೆ ಬಿದ್ದರೆ ಊರಾಚೆಯ ಫಾರಂಗೆ, ಯಾರೂ ಒಯ್ಯದ ನಾಯಿಗಳನ್ನು ಇಡುವ ತೋಟಕ್ಕೆ. ಅಲ್ಲಿಗೆ ನಾಯಿ ಕೇಳಿಕೊಂಡು ಯಾರೂ ಬರುವುದಿಲ್ಲ. ಎಂಬತ್ತು ನಾಯಿಗೆ ಇಬ್ಬರು ಆಳು. ಹೊಟ್ಟೆಗೇನೋ ಕೊಡುತ್ತಾರೆ. ಅಷ್ಟೇ.

ಹನ್ನೊಂದರ ಬಾಗಿಲು ತೆಗೆದರೆ, ನನ್ನ ಮಂಡಿಗೆ ತಲೆ ಕೊಟ್ಟು ನಿಂತ. ನಾನು ಅತ್ತುಬಿಟ್ಟೆ. ಬರೆಯಲಿಕ್ಕೇನು ನಾಚಿಕೆ, ಓದುವವರು ಯಾರೂ ಇಲ್ಲ.

ಮಾರ್ಚ್ 30, ಭಾನುವಾರ, ರಾತ್ರಿ ಊಟವಾದ ಮೇಲೆ

ಅಕ್ಕ ತಾನಾಗಿಯೇ ಹೇಳಿದಳು. "ತಂದುಬಿಡೇ. ನೀನು ಹೀಗೆ ಗಂಟುಮುಖ ಹಾಕ್ಕೊಂಡು ಓಡಾಡೋದನ್ನ ನೋಡೋದಕ್ಕಿಂತ ನಾಯಿ ಮುಖ ನೋಡೋದೇ ವಾಸಿ."

"ಓನರು?"

"ಓನರು ಮೇಲೆ ಬಂದು ಯಾವ ಕಾಲ ಆಯ್ತು? ನಾನು ಮಾತಾಡ್ತೀನಿ."

ಮೂರನೇ ಮಹಡಿ. ನಲವತ್ತಾರು ಮೆಟ್ಟಿಲು, ಲಿಫ್ಟಿಲ್ಲ. ಮೂವತ್ತು ಕೇಜಿ ನಾಯಿಯನ್ನು ದಿನಕ್ಕೆ ಮೂರು ಸಲ ಹೊತ್ತು ಇಳಿಸಬೇಕು, ಹತ್ತಿಸಬೇಕು. ನನ್ನ ವಯಸ್ಸು ಅರವತ್ತೆರಡು. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರಕ್ಕೆ ಮನೆ. ಆ ಹನ್ನೊಂದು ಗಂಟೆ ವಾಕರ್ ಹಿಡಿದ ಅಕ್ಕನೂ ಸೊಂಟ ಹೋದ ನಾಯಿಯೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರಬೇಕು. ಅವನು ಖುಷಿಗೆ ಒಂದು ಸಲ ಹಾರಿದರೆ ಅಕ್ಕ ಮತ್ತೆ ಆಪರೇಷನ್ ಟೇಬಲ್ ಮೇಲೆ.

ಎಲ್ಲ ಲೆಕ್ಕ ಹಾಕಿದ ಮೇಲೂ ಆಸೆ ಇತ್ತು. ಇದೆ. ಬೇಡ ಅಂದೆ.

ಅಕ್ಕ ವಾದ ಮಾಡಲಿಲ್ಲ. ಅವಳು ವಾದ ಮಾಡಿದ್ದರೆ ಸೋಲುತ್ತಿದ್ದೆನೇನೋ.

ಏಪ್ರಿಲ್ 6, ಭಾನುವಾರ

ಒಬ್ಬ ಟೈಲರ್ ಬಂದಿದ್ದರು. ಐವತ್ತು ದಾಟಿದೆ. ಸಣಕಲು ಆಳು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ನೆಲಮಹಡಿ, ಮೆಟ್ಟಿಲಿಲ್ಲ, ಹಿಂದೆ ಪುಟ್ಟ ಅಂಗಳ. ದಿನವಿಡೀ ಮನೆಯಲ್ಲೇ. ಕೇಳುತ್ತಾ ಕೇಳುತ್ತಾ ಬಕೆಟ್ಟು ಕೆಳಗಿಟ್ಟು ಹತ್ತಿರ ಸರಿದೆ.

ಹಲ್ಲು ನೋಡಲಿಲ್ಲ, ಜಾತಿ ಕೇಳಲಿಲ್ಲ. "ಮಿಷನ್ ಶಬ್ದ ಆಗುತ್ತಾ ಇವನಿಗೆ?" ಅಂದರು. ಗೊತ್ತಿಲ್ಲ ಅಂದೆ. ಜಾಲರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಜೇಬಿನಿಂದ ಒಂದು ಅಂಗಿಯ ತೋಳು ತೆಗೆದು ಗುಂಡಿ ಹೊಲಿಯತೊಡಗಿದರು. ನಾಯಿಯ ಕಡೆ ನೋಡಲೇ ಇಲ್ಲ. ಅರ್ಧ ಗಂಟೆ. ಮೇಜರ್ ಏಳಲಿಲ್ಲ, ಆದರೆ ಒಂದು ಕಿವಿ ಈ ಕಡೆ ತಿರುಗಿಸಿದ್ದ.

ಹೊರಡುವ ಮುಂಚೆ ಜಾಲರಿಯ ಹೊರಗಿಂದಲೇ ಟೇಪು ಹಿಡಿದು ಅಂದಾಜು ಮಾಡಿದರು. "ಮೂಗಿಂದ ಬಾಲದ ಬುಡಕ್ಕೆ ನಲವತ್ತಿಂಚು. ಹಾಸಿಗೆ ಹೊಲೀಬೇಕಲ್ಲ. ಎರಡಿಂಚು ಜಾಸ್ತಿ ಇಡ್ತೀನಿ, ಮಲಗಿದಾಗ ಮೈ ಮುರೀತಾನಲ್ಲ."

"ಮನೆಯವರು ಒಪ್ಪಿದ್ದಾರಾ?" ಮೇಡಂ ಕೇಳಿದರು.

"ಒಪ್ಪಿದ್ದಾಳೆ. ಗಿರಾಕಿ ಬಟ್ಟೆ ಮೇಲೆ ಕೂದಲು ಬಿದ್ರೆ ನಾಯೀನೂ ನಾನೂ ಇಬ್ರೂ ಹೊರಗೆ ಅಂದಿದ್ದಾಳೆ."

ಏಪ್ರಿಲ್ 7, ಸೋಮವಾರ

ಮೇಡಂ ಯೋಜನೆ. ಟೈಲರ್ ದಿನಾ ಮಧ್ಯಾಹ್ನ ಬಂದು ಒಂದು ಗಂಟೆ ಕೂರುವುದು. ಮೇಜರನ ಊಟ ಡ್ರೈವರ್ ಕೈಗೆ, ಅದೂ ಟೈಲರ್ ಎದುರಿಗೇ, ಬಟ್ಟಲಿನಲ್ಲೇ. ನಾನು ಬೆಕ್ಕಿನ ಕೋಣೆಗೆ ವರ್ಗ. ಎರಡು ವಾರ ಹನ್ನೊಂದರ ಸಾಲಿಗೆ ಕಾಲಿಡಕೂಡದು.

"ಇದು ಶಿಕ್ಷೆ ಅಂತ ತಿಳ್ಕೋಬೇಡಿ ಸಿಸ್ಟರ್."

"ತಿಳ್ಕೊಳ್ಳಲ್ಲ" ಅಂದೆ. ತಿಳಿದುಕೊಂಡೆ.

ಸಂಜೆಗೇ ಒಂದು ತೊಂದರೆ. ಹಿಂದಿನ ಬಾಗಿಲಿನಿಂದ ಹೋದರೂ ಚಪ್ಪಲಿ ಶಬ್ದ ಗುರುತು ಹಿಡಿದು ಬೊಗಳಿದ. ತಿಂಗಳಲ್ಲಿ ಬೊಗಳಿದ್ದು ಅದೇ ಮೊದಲು. ಎಂಥ ದನಿ! ತುಂಬು ದನಿ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕಳ್ಳಿಯಂತೆ ಗೇಟು ದಾಟಿದೆ.

ಏಪ್ರಿಲ್ 10, ಗುರುವಾರ

ಬೆಕ್ಕುಗಳಿಗೆ ನನ್ನ ಹಂಗಿಲ್ಲ. ಹಾಕಿದರೆ ತಿನ್ನುತ್ತವೆ, ತಿಂದು ಬೆನ್ನು ತೋರಿಸುತ್ತವೆ. ಒಂದು ರೀತಿ ಆರಾಮ.

ಡ್ರೈವರನ್ನು ಕೇಳಿದೆ. "ತಿಂದ್ನಾ?"

"ಇಲ್ಲ ಸಿಸ್ಟರ್. ಬಟ್ಟಲು ನೋಡ್ತಾನೆ, ನನ್ನ ಹಿಂದೆ ಬಾಗಿಲು ನೋಡ್ತಾನೆ. ನಾನೇನು ಪರದೆ ಥರ ಅಡ್ಡ ನಿಂತಿದ್ದೀನಿ ಅನ್ನೋ ಹಾಗೆ."

"ಟೈಲರು?"

"ಅವರು ಗುಂಡಿ ಹೊಲೀತಾರೆ. ನನ್ನ ಅಂಗೀದೂ ಎರಡು ಹಾಕ್ಕೊಟ್ರು."

ಮೂರು ದಿನ ಆಯಿತು. ಒಂದೇ ಒಂದು ಉಂಡೆ ಕೊಟ್ಟು ಬರಲೇ ಅಂತ ಮೇಡಂ ಬಾಗಿಲವರೆಗೂ ಹೋದೆ. ಕೇಳದೆ ತಿರುಗಿ ಬಂದೆ.

ಏಪ್ರಿಲ್ 11

ತಿಂದಿಲ್ಲ. ಡಾಕ್ಟರ್ ನಾಳೆಯವರೆಗೆ ನೋಡೋಣ ಅಂದರು.

ಏಪ್ರಿಲ್ 12, ಶನಿವಾರ

ತಿಂದ. ಟೈಲರ್ ತಮ್ಮ ಬುತ್ತಿ ಬಿಚ್ಚಿ ಕೂತು ತಾವು ಉಂಡರಂತೆ, ಅವನ ಕಡೆ ನೋಡದೆ. ಎದ್ದು ಬಂದು ಬಟ್ಟಲಿಗೆ ಬಾಯಿ ಹಾಕಿದನಂತೆ. ಪೂರ್ತಿ.

ಡ್ರೈವರ್ ಓಡಿ ಬಂದು ಹೇಳಿದ. ಒಳ್ಳೆಯದಾಯಿತಪ್ಪ ಅಂದೆ. ಮರಿಬೆಕ್ಕಿನ ಕಣ್ಣಿಗೆ ಔಷಧಿ ಹಾಕುವುದಿತ್ತು, ಹಾಕಿದೆ. ಹೊಟ್ಟೆ ಉರಿಯಿತು. ಹೌದು, ಹೊಟ್ಟೆಕಿಚ್ಚೇ. ನಾಯಿ ಉಂಡರೆ ಉರಿಯುವಂಥ ಹೊಟ್ಟೆ ನನ್ನದು ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ.

ಏಪ್ರಿಲ್ 20, ಭಾನುವಾರ

ಹನ್ನೊಂದು ಗಂಟೆಗೆ ಟೈಲರ್ ಮೇಜರನನ್ನು ಕರೆದೊಯ್ದರು. ಮೇಡಂ ಮೊದಲೇ ಹೇಳಿದ್ದರು, ಹಾಗಾಗಿ ಹತ್ತೂವರೆಗೇ ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಹಾರದ ಮೂಟೆಗಳ ಮಧ್ಯೆ ಸ್ಟೂಲ್ ಹಾಕಿ ಕೂತೆ. ಫಿನಾಯಿಲ್ ಡಬ್ಬ ಎಣಿಸಿದೆ, ಹದಿನೇಳು. ಮತ್ತೆ ಎಣಿಸಿದೆ.

ಹನ್ನೊಂದನೇ ಗೂಡಿನ ಚಿಲಕ ಎಳೆದ ಶಬ್ದ. ಅದರ ತುಕ್ಕು ನನಗೆ ಗೊತ್ತು. ಉಗುರಿನ ಶಬ್ದ ಸಿಮೆಂಟಿನ ಮೇಲೆ — ಮೂರು ಟಕ್, ಒಂದು ಎಳೆತ, ಮೂರು ಟಕ್, ಒಂದು ಎಳೆತ. ಉಗ್ರಾಣದ ಮುಂದೆ ಬಂದು ನಿಂತಿತು. ಬಾಗಿಲ ಕೆಳಗಿನ ಸಂದಿನಲ್ಲಿ ಮೂಸಿದ್ದು ಕೇಳಿಸಿತು. ಉಸಿರು ಹಿಡಿದು ಕೂತೆ.

"ಬಾರೋ ಮಾರಾಯ, ಮನೇಲಿ ಕಾಯ್ತಿದ್ದಾಳೆ" ಅಂದರು ಟೈಲರ್. ಎಳೆದಂತಿಲ್ಲ. ನಿಂತು ಕಾದರು. ಸುಮಾರು ಹೊತ್ತು. ಆಮೇಲೆ ಮೂರು ಟಕ್, ಒಂದು ಎಳೆತ.

ಏಪ್ರಿಲ್ 25, ಶುಕ್ರವಾರ

ಫೋನ್ ಇಲ್ಲ. ಕಳೆದ ಸಲ ಮೂರನೇ ದಿನಕ್ಕೇ ಬಂದಿತ್ತು. ಇಲ್ಲದ್ದೇ ಒಳ್ಳೆಯದು ಅಂತ ಡ್ರೈವರ್. ಅವನಿಗೇನು, ಗುಂಡಿ ಹೊಲಿಸಿಕೊಂಡವನು.

ಹನ್ನೊಂದಕ್ಕೆ ಬೇರೆ ನಾಯಿ ಬಂತು. ಬಟ್ಟಲಿಟ್ಟೆ, ಬಾಗಿಲು ಹಾಕಿದೆ, ಹೊರಟೆ.

ಏಪ್ರಿಲ್ 29, ಮಂಗಳವಾರ

ನಾಳೆ ಹತ್ತನೇ ದಿನ. ಮನೆ ತಪಾಸಣೆಗೆ ಯಾವಾಗಲೂ ಮೇಡಂ ಹೋಗುತ್ತಾರೆ. ಈ ಸಲ ನನಗೆ ಹೇಳಿದರು.

"ಬೇಡ ಮೇಡಂ, ಬೇರೆ ಯಾರಾದ್ರೂ..."

"ನೀವೇ ಹೋಗ್ಬೇಕು. ನೀರು, ಬೇಲಿ, ಚಿಲಕ ಎಲ್ಲ ನೋಡಿ. ಕೊನೆಗೆ ಗೇಟು ತೆಗೆದಿಟ್ಟು ರಸ್ತೆಗೆ ನಡೀರಿ. ಟೈಲರ್‌ಗೂ ಹೇಳಿದ್ದೀನಿ, ಯಾರೂ ಕರೀಬಾರದು. ನಿಮ್ಮ ಹಿಂದೆ ಬಂದ್ರೆ ಅದು ಇನ್ನೂ ಅವನ ಮನೆ ಆಗಿಲ್ಲ ಅಂತ ಅರ್ಥ. ಇವತ್ತಲ್ಲ ನಾಳೆ ಬೇಲಿ ನುಸುಳಿ ಶೆಲ್ಟರ್ ಹುಡುಕ್ಕೊಂಡು ಬರ್ತಾನೆ, ದಾರೀಲಿ ಲಾರಿಗೆ ಸಿಕ್ತಾನೆ. ಅದಕ್ಕಿಂತ ಫಾರಂ ವಾಸಿ."

ಇಂಥದ್ದಕ್ಕೆ ಮೇಡಂ ಆಗಿರುವುದು ಅವರು. ನನ್ನಿಂದಾಗುತ್ತಿರಲಿಲ್ಲ.

ಏಪ್ರಿಲ್ 30, ಬುಧವಾರ, ಸಂಜೆ

ಹೋಗಿ ಬಂದೆ. ಆದದ್ದನ್ನು ಆದ ಹಾಗೆ ಬರೆಯುವುದು.

ಗೇಟಿನ ಚಿಲಕ ಸರಿ. ಬೇಲಿ ಸರಿ. ಕತ್ತರಿಸುವ ಮೇಜಿನ ಕೆಳಗೆ ಹಾಸಿಗೆ, ಪ್ಯಾಂಟಿನ ತುಂಡುಗಳಿಂದ ಹೊಲಿದದ್ದು, ಎಂಟು ಬಣ್ಣ. ಅದರ ಮೇಲೆ ಮಲಗಿದ್ದ. ನನ್ನನ್ನು ನೋಡಿದ ಕೂಡಲೇ ಎದ್ದ. ಓಡಿ ಬಂದ, ಕುಂಟುತ್ತಲೇ. ಮೈಯೆಲ್ಲ ಅಲ್ಲಾಡಿಸಿದ, ಅಂಗೈ ನೆಕ್ಕಿದ, ಮಂಡಿಗೆ ತಲೆ ಒತ್ತಿದ. ಮೈ ತುಂಬಿಕೊಂಡಿದ್ದಾನೆ. ಹೊಳಪು ಬಂದಿದೆ. ಟೈಲರ್ ಮಿಷನ್ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

ಒಳಗಿಂದ ಅವರ ಹೆಂಡತಿ ಬಂದರು. ಸೀರೆ ತುಂಬ ನಾಯಿಕೂದಲು. "ಕರ್ಕೊಂಡು ಹೋಗಲ್ಲ ಅಲ್ವಾ?" ಅಂದರು ಮೆಲ್ಲಗೆ.

ನಾನು ನೋಡಬೇಕಾದದ್ದನ್ನೆಲ್ಲ ನೋಡಿ, ಬರೆದುಕೊಂಡು, ಗೇಟು ತೆರೆದಿಟ್ಟು ಹೊರಗೆ ನಡೆದೆ. ಹಿಂದೆ ಸದ್ದು. ಬಂದ. ಗೇಟಿನವರೆಗೂ ಬಂದ, ಮುಂಗಾಲು ಹೊರಗಿಟ್ಟ, ನಿಂತ.

ನಾನೂ ನಿಂತೆ. ಹಿಂತಿರುಗಿ ನೋಡಬಾರದೆಂದು ಮೇಡಂ ಹೇಳಿರಲಿಲ್ಲ. ನೋಡಿದೆ. ಅವನು ನನ್ನನ್ನು ನೋಡಿದ, ಒಳಗೆ ನೋಡಿದ, ಮತ್ತೆ ನನ್ನನ್ನು. ಟೈಲರ್ ಬಾಗಿಲಲ್ಲಿ ಬಾಯಿ ಬಿಗಿಹಿಡಿದು ನಿಂತಿದ್ದರು. ಎಷ್ಟು ಹೊತ್ತೋ. ರಸ್ತೆಯಲ್ಲಿ ಎರಡು ಸೈಕಲ್ ಹೋದವು.

ಮುಂಗಾಲು ಒಳಗೆ ತೆಗೆದುಕೊಂಡ. ತಿರುಗಿದ. ನಡೆದು ಹೋಗಿ ಮೇಜಿನ ಕೆಳಗೆ ಸೇರಿಕೊಂಡ. ಟೈಲರ್ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತುಬಿಟ್ಟರು.

ಫೈಲಿಗೆ ಸಹಿ ಹಾಕಿದೆ. ಮೇಜರ್ ಇನ್ನು ನಮ್ಮವನಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಕ್ಕ ಕೇಳಿದ್ದಕ್ಕೆ "ಎಲ್ಲ ಚೆನ್ನಾಗಾಯ್ತು" ಅಂದೆ. ಚೆನ್ನಾಗೇ ಆಯಿತು. ಬೇಕಾಗಿದ್ದದ್ದು ಇದೇ.

ಗೇಟಿನ ಹತ್ತಿರ ಅವನು ನಿಂತಿದ್ದಷ್ಟು ಹೊತ್ತೂ ಹೆಸರು ನಾಲಿಗೆಯ ತುದಿಯಲ್ಲಿತ್ತು. ಕರೆಯಲಿಲ್ಲ. ಒಂದು ಸಲ, ಒಂದೇ ಒಂದು ಸಲ ಕರೆದಿದ್ದರೆ —